ಕೂರ್ಮಗಡಕ್ಕೆ ಇಡೀ ದೋಣಿ ಗೊತ್ತು ಮಾಡಿಕೊಂಡು

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ಒಂಬತ್ತು ಜನ ಶಿರಸಿಯಿಂದ ಕಾರವಾರಕ್ಕೆ ಹೋಗಿ, ನಮಗೇ ಅಂತ ಒಂದು ದೋಣಿ ಗೊತ್ತು ಮಾಡಿಕೊಂಡು, ಕಾಳಿ ನದಿ ಕಡಲು ಸೇರುವ ಅಳಿವೆ ದಾಟಿ ಕೂರ್ಮಗಡ ದ್ವೀಪ ನೋಡಿ ಬಂದೆವು. ಎಪ್ಪತ್ತೊಂದು ವರ್ಷದ ಆಯಿ (ಅಮ್ಮ), ನಾನು, ನಮ್ಮನೆಯವರು, ಬೆಂಗಳೂರಿನಿಂದ ಬಂದಿದ್ದ ಅಣ್ಣ, ಅತ್ತಿಗೆ, ಜೊತೆಗೆ ಆರರಿಂದ ಹದಿನಾಲ್ಕು ವರ್ಷದೊಳಗಿನ ನಾಲ್ಕು ಮಕ್ಕಳು. ಅಣ್ಣ ಮೊದಲು ಅಂಡಮಾನ್ ಅಂದಿದ್ದ. ಆಯಿ ವಿಮಾನ ಹತ್ತಲು ಒಪ್ಪಲಿಲ್ಲ. ದ್ವೀಪವೇ ಬೇಕಾದರೆ ನಮ್ಮ ಜಿಲ್ಲೆಯ ಕಡಲಲ್ಲೇ ಇವೆಯಲ್ಲ ಅಂತ ನಾನು ಹಟ ಹಿಡಿದೆ. ಹೋಗಿ ಬಂದ ಮೇಲೆ ನಾಲ್ಕಾರು ಮನೆಯವರು ವಿಚಾರಿಸಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಿನ ನಮ್ಮ ಲೆಕ್ಕ ತಪ್ಪಿತು. ಮನೆಯಲ್ಲಿ ಕೂತು ಫೋನಿನಲ್ಲೇ ಒಬ್ಬ ಮಧ್ಯವರ್ತಿಯ ಹತ್ತಿರ ಮಾತಾಡಿ, ‘ಪ್ರೈವೇಟ್ ಬೋಟ್’ ಅಂತ ಅವರು ಹೇಳಿದ್ದನ್ನು ನಂಬಿ ಅರ್ಧ ದುಡ್ಡು ಮುಂಗಡ ಕಳಿಸಿದ್ದೆವು. ಮಧ್ಯಾಹ್ನ ಹನ್ನೆರಡೂವರೆಗೆ ಬನ್ನಿ ಅಂದಿದ್ದರು. ಹೋಗಿ ನೋಡಿದರೆ ದೋಣಿಯಲ್ಲಿ ಆಗಲೇ ಹನ್ನೊಂದು ಜನ ಬೇರೆಯವರು ಕೂತಿದ್ದಾರೆ. ಲೈಫ್ ಜಾಕೆಟ್‌ಗಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಕೆಲವಕ್ಕೆ ಬಕಲ್ ಇಲ್ಲ, ಮಕ್ಕಳ ಅಳತೆಯದು ಒಂದೂ ಇಲ್ಲ. ಸಣ್ಣವಳಿಗೆ ದೊಡ್ಡವರ ಜಾಕೆಟ್ ಹಾಕಿದರೆ ಅದು ಅವಳ ಕಿವಿಯವರೆಗೆ ಬಂತು. ಅಂಥ ಜಾಕೆಟ್ ಹಾಕಿಕೊಂಡ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗಿನಿಂದ ಜಾರಿ ಹೋಗುತ್ತದೆ. ನಾವು ಹತ್ತಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು. ಮಕ್ಕಳು ಅತ್ತರು, ಅಣ್ಣನಿಗೆ ಸಿಟ್ಟು ಬಂತು. ಆದರೂ ಆ ದಿನ ವಾಪಸ್ ನಡೆದದ್ದಕ್ಕೆ ನನಗೆ ಇವತ್ತಿಗೂ ಸಮಾಧಾನವಿದೆ.

ಹಾಗಾಗಿ ಮೊದಲ ಮಾತು ಇದು. ‘ಪ್ರೈವೇಟ್’ ಅನ್ನುವ ಶಬ್ದವನ್ನು ನಂಬಿ ದುಡ್ಡು ಕಳಿಸಬೇಡಿ. ‘ನಮ್ಮನ್ನು ಬಿಟ್ಟು ಬೇರೆ ಯಾರನ್ನೂ ಹತ್ತಿಸುವುದಿಲ್ಲ ತಾನೆ?’ ಅಂತ ಬಾಯಿಬಿಟ್ಟು ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಸಾಧ್ಯವಿದ್ದರೆ ಒಂದು ದಿನ ಮೊದಲೇ ಹೋಗಿ ದೋಣಿಯನ್ನು ಕಣ್ಣಾರೆ ನೋಡಿ, ಅದನ್ನು ನಡೆಸುವವರ ಹತ್ತಿರವೇ ಮಾತಾಡಿ.

ನಾವು ಅದೇ ಸಂಜೆ ಹಾಗೆ ಮಾಡಿದೆವು. ಕೋಡಿಬಾಗದ ಕಡೆ ನದಿ ದಂಡೆಗೆ ಹೋಗಿ ಇಬ್ಬರು ಮೂವರನ್ನು ವಿಚಾರಿಸಿದೆವು. ಒಬ್ಬರು ಹಿರಿಯ ದೋಣಿಯವರು ದರದ ಮಾತೇ ಎತ್ತದೆ, ಎಷ್ಟು ಜನ, ಯಾರ ವಯಸ್ಸು ಎಷ್ಟು ಅಂತ ಕೇಳಿದರು. ಆಮೇಲೆ, ‘ಅಕ್ಕಾ, ಘಟ್ಟ ಇಳಿವಾಗ ಯಾರಿಗೆ ವಾಂತಿ ಆಯ್ತು?’ ಅಂದರು. ದೇವಿಮನೆ ಘಟ್ಟದಲ್ಲಿ ಅತ್ತಿಗೆಗೂ ಅಣ್ಣನ ಎರಡನೆಯ ಮಗನಿಗೂ ಆಗಿತ್ತು. ‘ಹಂಗಾರೆ ಅವರಿಬ್ಬರು ದೋಣಿಯ ನಡುವೆ ಕೂರ್ಬೇಕು, ಮುಂದೆ ಅಲ್ಲ’ ಅಂದರು. ಆ ಪ್ರಶ್ನೆ ಕೇಳಿದ ಕೂಡಲೇ ಇವರ ದೋಣಿಯಲ್ಲೇ ಹೋಗುವುದು ಅಂತ ನನ್ನ ಮನಸ್ಸು ನಿರ್ಧರಿಸಿಬಿಟ್ಟಿತ್ತು.

ಹೊತ್ತನ್ನೂ ಅವರೇ ಗೊತ್ತು ಮಾಡಿದರು. ನಾವು ತಿಂಡಿ ತಿಂದು ಹತ್ತು ಗಂಟೆಗೆ ಹೊರಡೋಣ ಅಂದರೆ ಅವರು ಒಪ್ಪಲಿಲ್ಲ. ‘ನಾಳೆ ದ್ವಾದಶಿ. ಎಂಟರ ಸುಮಾರಿಗೆ ಭರತ ತುಂಬ್ತದೆ. ಏಳಕ್ಕೆ ಹೊರಟರೆ ಅಳಿವೆಯಲ್ಲಿ ನೀರು ಇರ್ತದೆ. ಹನ್ನೆರಡರೊಳಗೆ ಒಳಗೆ ಬಂದ್ಬಿಡ್ಬೇಕು, ಆಮೇಲೆ ಗಾಳಿ’ ಅಂದರು. ಹಿಂದೆ ನಿಂತಿದ್ದ ಆಯಿಗೆ ಇದು ಬಹಳ ಮೆಚ್ಚುಗೆಯಾಯಿತು. ‘ದ್ವಾದಶಿ ಹೇಳಿ ಎಂಗೊಂದೇ ಗೊತ್ತಿತ್ತು ಮಾಡಿದ್ದಿ. ಪಾರಣೆ ಮುಗ್ಸಕಂಡೇ ಹೊರಡಕು’ ಅಂದಳು. ದ್ವಾದಶಿ ಅಂತ ತನಗೊಬ್ಬಳಿಗೇ ಗೊತ್ತು ಅಂದುಕೊಂಡಿದ್ದಳು; ಪಾರಣೆ ಅಂದರೆ ಏಕಾದಶಿಯ ಉಪವಾಸ ಬಿಡುವುದು. ನಮ್ಮನೆಯಲ್ಲಿ ಪಂಚಾಂಗವನ್ನು ಒಪ್ಪತ್ತಿಗೆ ನೋಡುತ್ತಾರೆ, ದೋಣಿಯವರು ನೀರಿಗೆ ನೋಡುತ್ತಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಘಟ್ಟದ ಮೇಲಿನ ನಮಗೆ ಇದು ಗೊತ್ತಿರುವುದಿಲ್ಲ. ಕಡಲ ನೀರು ಏರುವ ಭರತ, ಇಳಿಯುವ ಇಳಿತ ದಿನಕ್ಕೆ ಎರಡೆರಡು ಸಲ ಬರುತ್ತವೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ಎಲ್ಲ ಸಣ್ಣದಾಗುತ್ತದೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳು ಕೂತಿರುತ್ತದೆ. ಇಳಿತದಲ್ಲಿ ಅಲ್ಲಿ ನೀರು ಕಡಿಮೆ, ಜೊತೆಗೆ ಹೊರಗೆ ಹರಿಯುವ ನದಿಗೆ ಒಳಗೆ ಬರುವ ಅಲೆ ಎದುರಾಗಿ ಅಲೆ ಎದ್ದು ಒಡೆಯುತ್ತದೆ. ಇಡೀ ಪ್ರಯಾಣದಲ್ಲಿ ಕಷ್ಟದ ಜಾಗ ಅಂದರೆ ಅದೇ. ಇನ್ನು ಗಾಳಿ. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ಕಡಲು ಮಲಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು, ಗಾಳಿ ತಿರುಗಿ ಕಡಲಿಂದ ಬೀಸತೊಡಗುತ್ತದೆ. ನಮಗೆ ಮೊದಲ ದಿನ ಹನ್ನೆರಡೂವರೆಗೆ ಬನ್ನಿ ಅಂದಿದ್ದರು ಅನ್ನುವುದನ್ನು ಆಗ ನೆನೆಸಿಕೊಂಡೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿ, ಭರತದ ಮುನ್ಸೂಚನೆಯನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಹೋಗುವ ಹಿಂದಿನ ರಾತ್ರಿ ನೋಡಿಕೊಳ್ಳಿ. ಆದರೆ ಕೊನೆಯ ಮಾತು ದೋಣಿಯವರದ್ದೇ ಆಗಿರಲಿ.

ದರವನ್ನು ಕೊನೆಗೆ ಮಾತಾಡಿದೆವು. ಎಷ್ಟು ಕೊಟ್ಟೆವು ಅಂತ ಬರೆದರೆ ಅದು ನಿಮಗೆ ಉಪಯೋಗಕ್ಕಿಂತ ಜಗಳಕ್ಕೇ ದಾರಿಯಾದೀತು. ವರ್ಷದ ಕೊನೆಯ ವಾರದ ದರವೇ ಬೇರೆ, ಫೆಬ್ರವರಿಯ ಮಂಗಳವಾರದ ದರವೇ ಬೇರೆ. ಆದರೆ ಏನೇನು ಮಾತಾಡಿಕೊಳ್ಳಬೇಕು ಅನ್ನುವುದು ಮುಖ್ಯ. ದುಡ್ಡು ತಲೆಗೋ, ಇಡೀ ದೋಣಿಗೋ? ದ್ವೀಪದಲ್ಲಿ ದೋಣಿ ನಮಗಾಗಿ ಕಾಯುತ್ತದೋ, ಅಥವಾ ಬಿಟ್ಟು ಹೋಗಿ ಮತ್ತೆ ಬರುತ್ತದೋ? ಕಾಯಲಿ, ಅದಕ್ಕೆ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ಅಳಿವೆಯವರೆಗೆ ಹೋಗಿ ಅಲೆ ನೋಡಿ ವಾಪಸ್ ತಿರುಗಬೇಕಾದರೆ ಎಷ್ಟು? ಈ ಕೊನೆಯದನ್ನು ನಮ್ಮ ದೋಣಿಯವರೇ ಎತ್ತಿದರು. ‘ಹೊರಗೆ ಬಿಡದಿದ್ರೆ ನದಿಯಲ್ಲೇ ಮೇಲೆ ಕಾಂಡ್ಲಾ ತೋರಿಸಿ ತರ್ತೇನೆ, ಅದಕ್ಕೆ ಇಷ್ಟು ಕೊಟ್ರೆ ಸಾಕು’ ಅಂತ ಅರ್ಧಕ್ಕಿಂತ ಕಡಿಮೆ ಹೇಳಿದರು. ಕಾಂಡ್ಲಾ ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ಕಾಡು. ಈ ಮಾತು ಮೊದಲೇ ಆಗದಿದ್ದರೆ, ಬೆಳಿಗ್ಗೆ ಅಲೆ ನೋಡಿದ ಮೇಲೂ ದುಡ್ಡಿನ ಮುಲಾಜಿಗೆ ಅವರು ಮುಂದೆ ಹೋಗುತ್ತಾರೆ, ನಾವೂ ಹೋಗಿ ಅನ್ನುತ್ತೇವೆ. ಆಗುವುದಿಲ್ಲ ಅನ್ನಲು ಅವರಿಗೆ ಅವಕಾಶ ಇಟ್ಟುಕೊಡುವುದು ದೋಣಿ ಗೊತ್ತು ಮಾಡುವವರ ಕೆಲಸ. ಅಲ್ಲೇ ಇರುವ ಇನ್ನೊಂದು ದ್ವೀಪ ದೇವಗಡದ ದೀಪಸ್ತಂಭಕ್ಕೂ ಹೋಗೋಣ ಅಂತ ಅಣ್ಣ ಕೇಳಿದ್ದಕ್ಕೆ ‘ಈ ಮಕ್ಕಳು, ಈ ಅಮ್ಮ ಇರುವಾಗ ಎರಡೂ ಬೇಡ’ ಅಂದರು. ಅಣ್ಣ ಹೆಚ್ಚು ದುಡ್ಡು ಕೊಡುತ್ತೇನೆ ಅಂದರೂ ಅವರು ಮಾತು ಬದಲಿಸಲಿಲ್ಲ.

ದೋಣಿಯ ನೋಂದಣಿ, ಎಷ್ಟು ಜನರಿಗೆ ಪರವಾನಗಿ, ವಿಮೆ ಇದೆಯೇ ಅಂತ ಸಂಕೋಚವಿಲ್ಲದೆ ಕೇಳಿ. ಮೀನು ಹಿಡಿಯುವ ದೋಣಿಯವರು ಕಡಿಮೆಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಬೇಡ ಅನ್ನಿ. ಆ ದೋಣಿ ಇರುವುದು ಬಲೆಗೆ ಮತ್ತು ಮೀನಿಗೆ, ಪ್ರವಾಸಿಗರಿಗೆ ಅಲ್ಲ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು, ಮಕ್ಕಳೂ ಸೇರಿ. ನಮ್ಮ ಜಿಲ್ಲೆಯವರು ಯಾರೂ ಅದನ್ನು ಮರೆತಿಲ್ಲ. ಕಾರವಾರದಲ್ಲಿ ದೋಣಿ ಹತ್ತುವಾಗ ನನ್ನ ಮನಸ್ಸಿನಲ್ಲೂ ಅದೇ ಇತ್ತು. ಜಾಕೆಟ್ ಹಾಕಿ ಬಕಲ್ ಬಿಗಿದ ಮೇಲೆ ಮಕ್ಕಳ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲಕ್ಕಿಂತ ಮೇಲೆ ಬಂದರೆ ಅದು ಆ ಮಗುವಿನ ಜಾಕೆಟ್ ಅಲ್ಲ. ದಂಡೆ ಬಿಡುವ ಮೊದಲು ಹಾಕಿದ್ದನ್ನು ವಾಪಸ್ ದಂಡೆ ಮುಟ್ಟಿದ ಮೇಲೆಯೇ ತೆಗೆಯಬೇಕು, ಫೋಟೋಕ್ಕೂ ತೆಗೆಯಬಾರದು. ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಪೊಲೀಸರದ್ದು 1093. ಎರಡನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ.

ಬೆಳಿಗ್ಗೆ ಆರಕ್ಕೆ ಆಯಿಯ ಪಾರಣೆ ಆಯಿತು. ಏಳಕ್ಕೆ ಹತ್ತು ನಿಮಿಷ ಇರುವಾಗ ದೋಣಿ ದಂಡೆ ಬಿಟ್ಟಿತು. ಹಿಂದೆ ಹೆದ್ದಾರಿಯ ಸೇತುವೆ, ಅದರಾಚೆ ಸದಾಶಿವಗಡದ ಗುಡ್ಡ. ಹಳೇ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದದ್ದನ್ನು ದೋಣಿಯವರು ಕೈ ತೋರಿಸಿ ಹೇಳಿದರು. ಬಲಕ್ಕೆ ದೇವಬಾಗದ ಗಾಳಿಮರಗಳ ಸಾಲು, ಎಡಕ್ಕೆ ಟಾಗೋರ್ ಕಡಲತೀರ. ರವೀಂದ್ರನಾಥ ಟಾಗೋರರು, ತಮ್ಮ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಇದೇ ಕಾಳಿಯಲ್ಲಿ ದೋಣಿ ಏರಿ ಮೇಲಕ್ಕೆ ಹೋಗಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಬರುವಾಗ ತಡವಾಗಿ, ಅಳಿವೆಯ ಹತ್ತಿರವೇ ದೋಣಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರಂತೆ.

ಅಳಿವೆ ದಾಟಲು ಐದಾರು ನಿಮಿಷ ಹಿಡಿಯಿತು. ದೋಣಿಯವರು ಇಂಜಿನ್ ಸಣ್ಣದು ಮಾಡಿ, ಮೂರು ಅಲೆ ಹೋಗುವವರೆಗೆ ಕಾದು, ಆಮೇಲೆ ಒಮ್ಮೆಲೇ ಹೊರಗೆ ಬಿಟ್ಟರು. ಯಾರೂ ಏಳಬಾರದು, ಒಂದೇ ಬದಿಗೆ ಬಾಗಬಾರದು ಅಂತ ಮೊದಲೇ ಹೇಳಿದ್ದರು. ಆಯಿ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹೇಳುತ್ತಿದ್ದಳು. ಹೊರಗೆ ಬಂದ ಮೇಲೆ ಕಡಲು ಎಣ್ಣೆ ಹೊಯ್ದ ಹಾಗೆ ನುಣ್ಣಗಿತ್ತು. ಡಾಲ್ಫಿನ್‌ಗಳನ್ನು ಮೊದಲು ಕಂಡದ್ದು ಸಣ್ಣವಳು. ಬೂದು ಬಣ್ಣದ, ಬೆನ್ನಿನ ಮೇಲೆ ಡುಬ್ಬ ಇರುವ ಜಾತಿ, ನದಿಯ ಬಾಯಲ್ಲಿ ಮೀನಿಗಾಗಿ ಬರುತ್ತವೆ. ಅಟ್ಟಿಸಿಕೊಂಡು ಹೋಗಿ ಅಂತ ದಯವಿಟ್ಟು ಹೇಳಬೇಡಿ. ಇಂಜಿನ್ ಸಣ್ಣದು ಮಾಡಿ ನಿಂತಿದ್ದಕ್ಕೇ ಮೂರು ಸಲ ಹತ್ತಿರ ಬಂದು ಉಸಿರು ಬಿಟ್ಟವು. ಆ ‘ಫುಸ್’ ಅನ್ನುವ ಸದ್ದು ನಮಗೆ ಕೇಳಿದ್ದು ದೋಣಿ ಸುಮ್ಮನಿದ್ದದ್ದರಿಂದ.

ಕೂರ್ಮಗಡ ದೂರದಿಂದ ಆಮೆ ಮಲಗಿದ ಹಾಗೇ ಕಾಣುತ್ತದೆ. ನಾವು ಇಳಿದ ಕಡೆ ಮೊಣಕಾಲು ನೀರು, ಪಾಚಿ ಕಟ್ಟಿದ ಕಲ್ಲು. ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು, ಹವಾಯಿ ಚಪ್ಪಲಿ ನೀರಿಗೇ ಹೋಗುತ್ತದೆ. ಆಯಿಯನ್ನು ದೋಣಿಯವರೂ ನಮ್ಮನೆಯವರೂ ಇಬ್ಬರೂ ರಟ್ಟೆ ಹಿಡಿದು ಇಳಿಸಿದರು. ಮಂಡಿನೋವು ಇರುವವರನ್ನು ಕರೆತರುವಾಗ ಇದನ್ನು ಯೋಚಿಸಿ. ಮೇಲೆ ಹತ್ತಿ ನರಸಿಂಹನಿಗೆ ಕೈಮುಗಿದು, ನೆರಳಲ್ಲಿ ಕೂತು ಮೊಸರನ್ನ, ಅಪ್ಪೆಮಿಡಿ ತಿಂದೆವು. ಅಲ್ಲಿ ಏನಾದರೂ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ನೀರನ್ನು ತಲೆಗೆ ಎರಡು ಲೀಟರಿನ ಹಾಗೆ ಒಯ್ಯಿರಿ. ಕಸವನ್ನು ಒಂದು ಚೀಲದಲ್ಲಿ ವಾಪಸ್ ತನ್ನಿ. ಒಂದೂವರೆ ತಾಸು ಸಾಕಾಯಿತು. ದಕ್ಷಿಣಕ್ಕೆ ಕಾಣುವ ಅಂಜದೀವ ದ್ವೀಪ ನೌಕಾಪಡೆಯ ವಶದಲ್ಲಿದೆ, ಅತ್ತ ಹೋಗಿ ಅಂತ ಕೇಳುವುದೂ ಬೇಡ, ಕ್ಯಾಮೆರಾ ತಿರುಗಿಸುವುದೂ ಬೇಡ.

ವಾಪಸ್ ಬರುವಾಗ ಹನ್ನೊಂದೂಕಾಲು. ಗಾಳಿ ಆಗಲೇ ತಿರುಗಿತ್ತು, ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾಗುತ್ತಿತ್ತು. ಅತ್ತಿಗೆಗೆ ಸ್ವಲ್ಪ ಸಂಕಟವಾಯಿತು. ಡಾಕ್ಟರನ್ನು ಕೇಳಿ ತಂದ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಂಡಿದ್ದರಿಂದ ವಾಂತಿ ಆಗಲಿಲ್ಲ. ಸಂಕಟ ಶುರುವಾದ ಮೇಲೆ ಮಾತ್ರೆ ನುಂಗಿ ಹೆಚ್ಚು ಪ್ರಯೋಜನವಿಲ್ಲ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಫೋನ್ ನೋಡದೆ ದೂರದ ಗುಡ್ಡ ನೋಡುತ್ತ ಕೂತರೆ ಎಷ್ಟೋ ವಾಸಿ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಾರ್ಚ್‌ನಿಂದ ಬಿಸಿಲು, ಮೇ ಕೊನೆಗೆ ಕಡಲು ಕೆಡುತ್ತದೆ. ಮಳೆಗಾಲದಲ್ಲಿ ಕೇಳಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆ ದಿನಗಳಲ್ಲಿ ಕರೆದೊಯ್ಯುತ್ತೇನೆ ಅನ್ನುವವರ ಜೊತೆ ಹೋಗಬಾರದು. ಪುಷ್ಯ ಮಾಸದ ಜಾತ್ರೆಯ ದಿನ ದೇವರ ದರ್ಶನಕ್ಕೆ ಹೋಗುವುದು ಬೇರೆ ಮಾತು, ದ್ವೀಪ ನೋಡಲು ಆ ದಿನ ಆರಿಸಬೇಡಿ.

ನೀರಿನೊಳಗಿನ ಹವಳ, ಮೀನು ನೋಡುವ ಆಸೆ ಇರುವವರಿಗೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ಇದೆ. ಅದು ತೆರೆದ ಕಡಲಲ್ಲಿ ದೂರದ ಪ್ರಯಾಣ. ಸಣ್ಣ ಮಕ್ಕಳು, ವಯಸ್ಸಾದವರು ಇರುವ ಕುಟುಂಬಕ್ಕೆ ನಾನು ಹೇಳುವುದಿಲ್ಲ. ಅಂಥವರಿಗೆ ಹೊನ್ನಾವರದ ಶರಾವತಿ ಹಿತ. ಅಳಿವೆಯ ಒಳಗೇ ಕಾಂಡ್ಲಾ ನಡುವೆ ತಿರುಗಿಸುತ್ತಾರೆ, ಅಲೆಯ ಭಯವಿಲ್ಲ, ಕಾಸರಕೋಡಿನ ಕಡಲತೀರವೂ ಹತ್ತಿರ.

ದಂಡೆಗೆ ಬಂದು ಬಾಕಿ ದುಡ್ಡು ಕೊಡುವಾಗ ನಮ್ಮನೆಯವರು ಸ್ವಲ್ಪ ಹೆಚ್ಚಿಗೆ ಕೊಟ್ಟರು. ದೋಣಿಯವರು ಎಣಿಸಿ, ಹೆಚ್ಚಿಗೆ ಇದ್ದದ್ದನ್ನು ಸಣ್ಣವಳ ಕೈಗೆ ಇಟ್ಟರು. ಆಯಿ ಚೀಲದಿಂದ ಶಿರಸಿಯ ತೊಡದೇವಿನ ಪೊಟ್ಟಣ ತೆಗೆದು ಅವರಿಗೆ ಕೊಟ್ಟು, ಮುಂದಿನ ಸಲ ನದಿಯ ಮೇಲ್ಗಡೆ ಕಾಂಡ್ಲಾ ತೋರಿಸಬೇಕು ಅಂದಳು. ‘ಫೆಬ್ರವರಿಯಲ್ಲಿ ಬನ್ನಿ ಅಮ್ಮಾ, ಅಷ್ಟಮಿ ನೋಡ್ಕಂಡು ಬನ್ನಿ’ ಅಂದರು. ನಾವು ಊಟ ಮಾಡಿ ಎರಡಕ್ಕೆ ಕಾರವಾರ ಬಿಟ್ಟು, ಬೆಳಕಿರುವಾಗಲೇ ದೇವಿಮನೆ ಘಟ್ಟ ಹತ್ತಿದೆವು.