ಹಳೆಯ ಮೂರು ಕಂಪ್ಯೂಟರ್, ಒಂದು ಕೆ3ಎಸ್ ಕ್ಲಸ್ಟರ್: ಇಲ್ಲಿಯವರೆಗಿನ ಕೆಲಸ

ಕೆ3ಎಸ್ ಎಂದರೆ ಹಲವು ಕಂಪ್ಯೂಟರ್‌ಗಳನ್ನು ಒಂದೇ ಗುಂಪಾಗಿ (ಕ್ಲಸ್ಟರ್) ದುಡಿಸುವ ಕ್ಯೂಬರ್ನೆಟೀಸ್ ತಂತ್ರಾಂಶದ ಹಗುರ ರೂಪ. ಗುಂಪಿನ ಪ್ರತಿ ಯಂತ್ರ ಒಂದು ‘ನೋಡ್’; ಉಸ್ತುವಾರಿಯದು ‘ಸರ್ವರ್’, ಉಳಿದವು ‘ಏಜೆಂಟ್’. ಅವುಗಳ ಮೇಲೆ ಓಡುವ ಅಪ್ಲಿಕೇಶನ್‌ನ ಘಟಕವೇ ‘ಪಾಡ್’.

ಯಂತ್ರಗಳು: 8 ಜಿಬಿ ರ್‍ಯಾಮ್‌ನ ಒಂದು ಡೆಸ್ಕ್‌ಟಾಪ್, ತಲಾ 4 ಜಿಬಿಯ ಎರಡು ಲ್ಯಾಪ್‌ಟಾಪ್. ಮೂರರಲ್ಲೂ ಡೆಬಿಯನ್ 12 ಲಿನಕ್ಸ್, ಗ್ರಾಫಿಕ್ಸ್ ಪರದೆ ಇಲ್ಲದೆ. ಕೆ3ಎಸ್ ಸರ್ವರ್‌ಗೆ ಕನಿಷ್ಠ 2 ಕೋರ್, 2 ಜಿಬಿ ಬೇಕು; ಏಜೆಂಟ್‌ಗೆ 512 ಎಂಬಿ ಸಾಕು. ಎಸ್‌ಎಸ್‌ಡಿ ಇರುವುದು ಡೆಸ್ಕ್‌ಟಾಪ್‌ನಲ್ಲಿ ಮಾತ್ರ, ಹಾಗಾಗಿ ಸರ್ವರ್ ಅದೇ. ಕ್ಲಸ್ಟರ್‌ನ ಸ್ಥಿತಿಯೆಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ಫೈಲಿಗೆ ಬರೆಯುತ್ತಲೇ ಇರುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಮೊದಲು ಏದುಸಿರು ಬಿಡುವುದು ಅಲ್ಲೇ.

ಇನ್‌ಸ್ಟಾಲ್ ಮಾಡುವುದು ಕಷ್ಟದ್ದಲ್ಲ. ಸರ್ವರ್‌ನಲ್ಲಿ ಸ್ಕ್ರಿಪ್ಟ್ ಓಡಿಸಿ, ಅದು ಬರೆದಿಟ್ಟ ನೋಡ್-ಟೋಕನ್ (ಕ್ಲಸ್ಟರ್‌ಗೆ ಸೇರಲು ಬೇಕಾದ ರಹಸ್ಯ ಸಂಕೇತ) ಎತ್ತಿಕೊಂಡು, ಸರ್ವರ್ ವಿಳಾಸದ ಜೊತೆ ಲ್ಯಾಪ್‌ಟಾಪ್‌ಗಳ ಸ್ಕ್ರಿಪ್ಟಿಗೆ ಕೊಟ್ಟರೆ ಆಯಿತು. ರೌಟರ್‌ನಲ್ಲಿ ಮೂರಕ್ಕೂ ಐಪಿ ಕಾಯಂ ಮಾಡಿದ್ದು ಇದಕ್ಕೂ ಮೊದಲು.

ಮೊದಲ ಲ್ಯಾಪ್‌ಟಾಪ್ ಸೇರಿತು, ಎರಡನೆಯದು ಸೇರಲಿಲ್ಲ. ಲಾಗ್‌ನಲ್ಲಿ ‘ನೋಡ್ ಪಾಸ್‌ವರ್ಡ್ ರಿಜೆಕ್ಟೆಡ್’. ಟೋಕನ್ ಸರಿಯಾಗಿಯೇ ಇತ್ತು. ಎರಡನೆಯದರ ಡಿಸ್ಕ್ ಮೊದಲನೆಯದರ ಕ್ಲೋನ್ ಆಗಿದ್ದರಿಂದ ಹೋಸ್ಟ್‌ನೇಮ್ (ಯಂತ್ರದ ಹೆಸರು) ಕೂಡ ಒಂದೇ; ನೋಡ್ ಹೆಸರಾಗುವುದೂ ಅದೇ. ಪ್ರತಿ ನೋಡ್ ಹೆಸರಿಗೂ ಸರ್ವರ್ ಒಂದು ಗುಪ್ತಪದ ಇಟ್ಟುಕೊಳ್ಳುತ್ತದೆ. ಅದೇ ಹೆಸರಲ್ಲಿ ಬೇರೆ ಗುಪ್ತಪದ ಹಿಡಿದು ಬಂದವರನ್ನು ಬಾಗಿಲಲ್ಲೇ ತಡೆಯುತ್ತದೆ. ಹೋಸ್ಟ್‌ನೇಮ್ ಬದಲಿಸಿ, ಯಂತ್ರದ ಗುರುತು ಇರುವ ಮಷಿನ್-ಐಡಿ ಫೈಲ್ ಖಾಲಿ ಮಾಡಿ ಹೊಸದಾಗಿ ಹುಟ್ಟಿಸಿದ ಮೇಲೆ ಸೇರಿತು. ಒಂದೇ ಯಂತ್ರಕ್ಕೆ ಓಎಸ್ ಮತ್ತೆ ಹಾಕಿ ಹಳೆಯ ಹೆಸರನ್ನೇ ಉಳಿಸಿಕೊಂಡರೂ ಇದೇ ಗತಿ. ಆಗ ಹಳೆಯ ನೋಡನ್ನು ಕ್ಲಸ್ಟರ್ ನಿಯಂತ್ರಿಸುವ ಕಮಾಂಡ್ ಕ್ಯೂಬ್‌ಸಿಟಿಎಲ್‌ನಿಂದ ಡಿಲೀಟ್ ಮಾಡಿದರೆ ಸಾಕು.

ಮುಂದಿನದು ಹೆಚ್ಚು ಹೊತ್ತು ತಿಂದಿತು. ಮೂರೂ ನೋಡ್ ‘ರೆಡಿ’, ಪಾಡ್‌ಗಳೆಲ್ಲ ‘ರನ್ನಿಂಗ್’. ಆದರೂ ಲ್ಯಾಪ್‌ಟಾಪ್ ಮೇಲಿನ ಪಾಡ್‌ಗಳಿಗೆ ಯಾವ ಹೆಸರಿಗೂ ಐಪಿ ವಿಳಾಸ ಸಿಗುತ್ತಿಲ್ಲ, ಅದನ್ನು ಕೇಳುವ ಕಮಾಂಡ್ ಎನ್ಎಸ್‌ಲುಕಪ್ ಕಾದು ಕಾದು ಸೋಲುತ್ತದೆ. ಡೆಸ್ಕ್‌ಟಾಪ್ ಮೇಲೆ ಅದೇ ಪಾಡ್‌ಗೆ ತಕ್ಷಣ ಉತ್ತರ. ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆಯೇ ಡಿಎನ್‌ಎಸ್. ಹೀಗೆ ಅರ್ಧ ಕೆಲಸ ಮಾಡುವ ಡಿಎನ್‌ಎಸ್ ಕಂಡರೆ ಡಿಎನ್‌ಎಸ್ ಬಿಚ್ಚಲು ಹೋಗಬೇಡಿ. ಕೋರ್‌ಡಿಎನ್‌ಎಸ್ (ಕ್ಲಸ್ಟರ್‌ನ ಡಿಎನ್‌ಎಸ್) ಪಾಡ್ ಇರುವುದು ಒಂದೇ, ಅದು ಡೆಸ್ಕ್‌ಟಾಪ್ ಮೇಲಿತ್ತು. ಫೈರ್‌ವಾಲ್‌ನಲ್ಲಿ ಟಿಸಿಪಿ ಪೋರ್ಟ್ 6443 ಮತ್ತು 10250 ತೆರೆದಿದ್ದವು, ನೋಡ್‌ಗಳ ನಡುವೆ ಪಾಡ್‌ಗಳ ಮಾತು ಸಾಗಿಸುವ ಫ್ಲಾನೆಲ್‌ನ ವಿಎಕ್ಸ್‌ಲ್ಯಾನ್ ಬಳಸುವ ಯುಡಿಪಿ 8472 ಮುಚ್ಚಿತ್ತು. ನೋಡ್ ‘ರೆಡಿ’ ಆಗಲು 6443 ಸಾಕು, ಬೇರೆ ಬೇರೆ ನೋಡ್‌ಗಳ ನಡುವೆ ಪಾಡ್‌ನಿಂದ ಪಾಡ್‌ಗೆ ಮಾತು ಹೋಗಲು 8472 ಬೇಕು. ಅದನ್ನು ಮನೆಯ ನೆಟ್‌ವರ್ಕ್‌ಗಷ್ಟೇ ತೆರೆಯಿರಿ, ಹೊರಗಿನ ಇಂಟರ್ನೆಟ್‌ಗೆ ಎಂದಿಗೂ ಬೇಡ. ಪಾಡ್‌ಗಳ 10.42.0.0/16, ಸರ್ವಿಸ್‌ಗಳ (ಪಾಡ್‌ಗಳ ಗುಂಪಿಗೆ ಕೊಡುವ ಸ್ಥಿರ ವಿಳಾಸ) 10.43.0.0/16 ಐಪಿ ವ್ಯಾಪ್ತಿಗೂ ಅನುಮತಿ ಕೊಡಬೇಕು.

ಲ್ಯಾಪ್‌ಟಾಪ್ ಮುಚ್ಚಿದರೆ ನಿದ್ರೆಗೆ ಹೋಗದಂತೆ ಲಾಗಿನ್‌ಡಿ ಕಾನ್ಫಿಗ್‌ನಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್’ ಅನ್ನು ‘ಇಗ್ನೋರ್’ ಮಾಡಿದೆ.

ಈಗ ಒಂದು ಲ್ಯಾಪ್‌ಟಾಪ್‌ನ ಪ್ಲಗ್, ಬ್ಯಾಟರಿ ಎರಡೂ ಕಿತ್ತು ಪರೀಕ್ಷೆ. ಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ ‘ನಾಟ್‌ರೆಡಿ’. ಪಾಡ್ ಜಾಗ ಬದಲಿಸಲು ಇನ್ನೂ 300 ಸೆಕೆಂಡ್. ಪಾಡ್ ಹೇಗೆ ಓಡಬೇಕೆಂದು ಹೇಳುವ ಡಿಪ್ಲಾಯ್‌ಮೆಂಟ್‌ನಲ್ಲಿ ‘ನಾಟ್‌ರೆಡಿ’, ‘ಅನ್‌ರೀಚಬಲ್’ ಎರಡರ ಟಾಲರೇಷನ್ (ಪಾಡ್ ಎಷ್ಟು ಹೊತ್ತು ಕಾಯಬೇಕೆಂಬ) ಸೆಕೆಂಡನ್ನೂ 30ಕ್ಕೆ ಇಳಿಸಿದ ಮೇಲೆ ವೆಬ್ ಪಾಡ್ ಬೇಗನೆ ಎದ್ದಿತು. ಡೇಟಾಬೇಸ್ ಪಾಡ್ ಮಾತ್ರ ‘ಪೆಂಡಿಂಗ್’ನಲ್ಲೇ ಉಳಿಯಿತು. ಅದು ತಪ್ಪಲ್ಲ: ಲೋಕಲ್-ಪಾತ್ ವಾಲ್ಯೂಮ್ ಅಂದರೆ ಆ ಯಂತ್ರದ ಡಿಸ್ಕ್‌ನಲ್ಲಿರುವ ಒಂದು ಫೋಲ್ಡರ್, ಪಾಡ್ ಹೋದಲ್ಲೆಲ್ಲ ಅದು ಹಿಂದೆ ಬರುವುದಿಲ್ಲ. ಸದ್ಯಕ್ಕೆ ಡೇಟಾಬೇಸನ್ನು ನೋಡ್‌ಸೆಲೆಕ್ಟರ್ ಹಾಕಿ ಡೆಸ್ಕ್‌ಟಾಪ್‌ಗೇ ಕಟ್ಟಿ, ಹೊಸ ವಾಲ್ಯೂಮ್‌ಗೆ ಹಳೆಯ ಡೇಟಾದ ಪ್ರತಿ (ಡಂಪ್) ತುಂಬಿಸಿದೆ. ಬಾಕಿ ಇರುವುದು ಡೆಸ್ಕ್‌ಟಾಪ್‌ನಲ್ಲಿ ಎನ್‌ಎಫ್‌ಎಸ್ ಹಂಚಿಕೆ (ನೆಟ್‌ವರ್ಕ್ ಮೂಲಕ ಎಲ್ಲ ನೋಡ್‌ಗಳಿಗೂ ಸಿಗುವ ಫೋಲ್ಡರ್), ಅದೂ ಫೋಟೋ ಫೈಲ್‌ಗಳಿಗೆ ಮಾತ್ರ.