ಕೈ ಬಿಟ್ಟರೂ ಕೇಸು ಬಿಡದು

ದಾವಣಗೆರೆಯಲ್ಲಿ ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವವನು ನಾನು. ಕಳೆದ ರಜೆಯಲ್ಲಿ ಅಮೆರಿಕದ ಅರಿಜೋನಾಕ್ಕೆ, ಚಾಂಡ್ಲರ್‌ನ ಅಕ್ಕನ ಮನೆಗೆ ಹೋಗಿದ್ದೆ. ಒಂದು ಶನಿವಾರ ಭಾವ ಎಲ್ಲರನ್ನೂ ಟೂಸಾನ್‌ಗೆ ಹೊರಡಿಸಿದರು.

ಐ-10 ಹೆದ್ದಾರಿ. ಊರು ದಾಟಿದರೆ ಎರಡೂ ಕಡೆ ಬಯಲು, ಕುರುಚಲು ಗಿಡ, ಧೂಳು. ಭಾವ ಏನೋ ಒತ್ತಿ ಸ್ಟೀರಿಂಗ್‌ನಿಂದ ಕೈ ತೆಗೆದರು. "ನೋಡಪ್ಪಾ, ಇನ್ನು ಅದೇ ಓಡಿಸುತ್ತೆ" ಅಂದರು. ನಿಜಕ್ಕೂ ಚೆನ್ನಾಗಿಯೇ ಓಡಿಸಿತು. ಮುಂದಿನ ಲಾರಿ ನಿಧಾನವಾದರೆ ತಾನೂ ನಿಧಾನ, ತಿರುವು ಬಂದರೆ ತಾನೇ ತಿರುಗುತ್ತಿತ್ತು. ನಮ್ಮ ಹೈವೇಯ ಎಷ್ಟೋ ಡ್ರೈವರ್‌ಗಳಿಗಿಂತ ಶಿಸ್ತು ಜಾಸ್ತಿ.

ಅಕ್ಕ ಹಿಂದಿನಿಂದ ಚಕ್ಕುಲಿ ಡಬ್ಬ ಕೊಟ್ಟಳು. ಭಾವ ತಿರುಗಿ ತೆಗೆದುಕೊಳ್ಳುವಷ್ಟರಲ್ಲಿ ಕಾರು ಕಿರುಚಿತು. ಕನ್ನಡಿ ಹತ್ತಿರದ ಸಣ್ಣ ಕ್ಯಾಮೆರಾ ಅವರ ಕಣ್ಣನ್ನೇ ನೋಡುತ್ತಿತ್ತಂತೆ. "ಇದೊಂದು ಕಾಟ, ಪರೀಕ್ಷೆ ಹಾಲ್‌ನ ಮೇಷ್ಟ್ರ ತರ" ಎಂದು ಗೊಣಗಿದರು.

ಪಿಕಾಚೋ ಬೆಟ್ಟ ಕಾಣುವ ಹೊತ್ತಿಗೆ ರಸ್ತೆ ಕೆಲಸ ಎದುರಾಯಿತು. ಕಿತ್ತಳೆ ಬಣ್ಣದ ಕೋನ್‌ಗಳು, ಅಳಿಸಿಹೋದ ಲೇನ್ ಗೆರೆ. ಕಾರು ಒಂದು ಸಲ ಜೋರಾಗಿ ಕೂಗಿ, ಸ್ಟೀರಿಂಗನ್ನು ಸುಮ್ನೆ ಬಿಟ್ಟುಕೊಟ್ಟಿತು. ಭಾವ ಗಬಕ್ಕನೆ ಹಿಡಿದರು. ಏನೂ ಆಗಲಿಲ್ಲ. ಅಕ್ಕನ ಬೈಗುಳ ಮಾತ್ರ ಬಹಳ ಹೊತ್ತು ನಡೆಯಿತು.

ಆಮೇಲೆ ಭಾವನೇ ಕೇಳಿದರು: "ಈಗ ಗುದ್ದಿದ್ರೆ ಯಾರ ಮೇಲೆ ಬರ್ತಿತ್ತು, ಲಾಯರ್ ಸಾಹೇಬ್ರೆ?"

"ನಿಮ್ಮ ಮೇಲೆ ಭಾವ."

"ಓಡಿಸ್ತಿದ್ದದ್ದು ಅದಲ್ವಾ?"

ಅದೇ, ಆದರೆ ಕಾನೂನಿನ ಪ್ರಕಾರ ಅಲ್ಲ. ಇಂಥ ಕಾರುಗಳನ್ನು ಲೆವೆಲ್ 2 ಅನ್ನುತ್ತಾರೆ. ಸ್ಟೀರಿಂಗ್, ಬ್ರೇಕು, ವೇಗ ಎಲ್ಲವನ್ನೂ ಕಾರೇ ನೋಡಿಕೊಂಡರೂ ಡ್ರೈವರ್ ಮಾತ್ರ ಮನುಷ್ಯನೇ. ಅವನು ಇಡೀ ಹೊತ್ತು ಕಾವಲು ಕೂರಬೇಕು. ನನಗೆ ಇಷ್ಟವಾಗದ್ದು ಇದೇ. ಓಡಿಸುವ ಕೆಲಸವಿದ್ದರೆ ಮನಸ್ಸು ರಸ್ತೆಯಲ್ಲಿರುತ್ತದೆ. ಕೆಲಸ ಕಿತ್ತುಕೊಂಡು, ಎಚ್ಚರವಾಗಿರು ಅಂದರೆ ಯಾರಿಗಾದರೂ ಎಷ್ಟು ಹೊತ್ತು ಆಗುತ್ತದೆ?

ಟೂಸಾನ್‌ನಿಂದ ಬಂದ ಮೇಲೆ ಭಾವನಿಗೆ ದುಂಬಾಲು ಬಿದ್ದು ಟೆಂಪಿಗೆ ಹೋದೆ. ಚಾಂಡ್ಲರ್‌ಗೆ ಪಕ್ಕದ ಊರು. 2018ರ ಮಾರ್ಚ್ 18ರ ರಾತ್ರಿ ಅಲ್ಲಿನ ಮಿಲ್ ಅವೆನ್ಯೂನಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸೊಬ್ಬರಿಗೆ ಉಬರ್‌ನ ಪರೀಕ್ಷಾ ಕಾರು ಗುದ್ದಿತು. ಸ್ವಯಂಚಾಲಿತ ಕಾರಿಗೆ ಸಿಕ್ಕಿ ಪಾದಚಾರಿ ಸತ್ತ ಮೊದಲ ಪ್ರಕರಣ ಅದು. ಅಗಲವಾದ ರಸ್ತೆ, ವೇಗವಾಗಿ ಓಡುವ ಕಾರುಗಳು. ಭಾವ ನೆರಳು ಹುಡುಕಿಕೊಂಡು ನಿಂತರು. ನಾನು ಅಭ್ಯಾಸಬಲದಿಂದ ಸ್ಪಾಟ್ ಮಹಜರು ಮಾಡುವವನ ಹಾಗೆ ದೂರ ಅಳೆಯುತ್ತಿದ್ದೆ.

ಆ ಕಾರಿನ ಸೆನ್ಸರ್‌ಗಳು ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಆಕೆಯನ್ನು ಕಂಡಿದ್ದವು. ಆದರೆ ಒಮ್ಮೆ ವಾಹನ ಅಂದುಕೊಂಡವು, ಒಮ್ಮೆ ಬೇರೇನೋ, ಒಮ್ಮೆ ಸೈಕಲ್. ಜೀಬ್ರಾ ಕ್ರಾಸಿಂಗ್ ಇಲ್ಲದ ಕಡೆ ಜನ ದಾಟಬಹುದು ಎಂಬುದೇ ಆ ಸಾಫ್ಟ್‌ವೇರ್‌ಗೆ ಗೊತ್ತಿರಲಿಲ್ಲ. (ನಮ್ಮ ದಾವಣಗೆರೆಯ ಪಿಬಿ ರಸ್ತೆಯಲ್ಲಿ ಅದು ಅರ್ಧ ಗಂಟೆಯೂ ಬದುಕುತ್ತಿರಲಿಲ್ಲ.) ಉಬರ್ ಬಳಸಿದ್ದ ವೋಲ್ವೋ ಕಾರಿಗೆ ಮೊದಲೇ ಇದ್ದ ತುರ್ತು ಬ್ರೇಕ್ ವ್ಯವಸ್ಥೆ, ಕಾರು ತಾನೇ ಓಡುವಾಗ ಬಂದ್ ಆಗಿರುತ್ತಿತ್ತು. ಪರೀಕ್ಷೆಯ ವೇಳೆ ಕಾವಲಿಗೆ ಮೊದಲು ಇಬ್ಬರು ಕೂರುತ್ತಿದ್ದ ಜಾಗದಲ್ಲಿ ಉಬರ್ ಒಬ್ಬರನ್ನೇ ಕೂರಿಸಿತ್ತು. ಆ ಒಬ್ಬರ ಕಣ್ಣು ಫೋನಿನ ಕಡೆಗಿತ್ತು. ಇದೆಲ್ಲ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯಲ್ಲಿ ಬಂದಿದೆ.

ಕ್ರಿಮಿನಲ್ ಕೇಸು ಯಾರ ಮೇಲಾಯಿತು? ಕಂಪನಿಯ ಮೇಲೆ ಹಾಕಲು ಆಧಾರವಿಲ್ಲ ಎಂದು ಸರ್ಕಾರಿ ವಕೀಲರು 2019ರಲ್ಲಿ ಹೇಳಿದರು. ಸೀಟಿನಲ್ಲಿ ಕೂತಿದ್ದವರ ಮೇಲೆ 2020ರಲ್ಲಿ ಆರೋಪ ಬಂತು. 2023ರಲ್ಲಿ ಅವರು ಕಡಿಮೆ ಆರೋಪಕ್ಕೆ ತಪ್ಪೊಪ್ಪಿಕೊಂಡರು. ಮೂರು ವರ್ಷ ಪ್ರೊಬೇಷನ್, ಅಂದರೆ ಜೈಲಿನ ಬದಲು ನಿಗಾ. ಅವರದು ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪಟ್ಟಿಯಲ್ಲಿ ಅವರದು ಕೊನೆಯ ತಪ್ಪು, ಕೇಸು ಬಿದ್ದದ್ದು ಅದೊಂದರ ಮೇಲೆ.

ಈಗೀಗ ಸ್ವಲ್ಪ ಬದಲಾಗುತ್ತಿದೆ. 2019ರಲ್ಲಿ ಫ್ಲೋರಿಡಾದಲ್ಲಿ ಟೆಸ್ಲಾ ಕಾರಿನ ಆಟೋಪೈಲಟ್ (ಸ್ಟೀರಿಂಗ್, ವೇಗ ನೋಡಿಕೊಳ್ಳುವ ವ್ಯವಸ್ಥೆ) ಹಾಕಿಕೊಂಡಿದ್ದ ಒಬ್ಬ, ಕೆಳಗೆ ಬಿದ್ದ ಫೋನ್ ಹುಡುಕುತ್ತಾ ನಿಂತ ಗಾಡಿಗೆ ಗುದ್ದಿದ. ಒಬ್ಬ ಯುವತಿ ಸತ್ತಳು. 2025ರ ಆಗಸ್ಟ್‌ನಲ್ಲಿ ಮಿಯಾಮಿಯ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ) ಶೇ. 67 ತಪ್ಪು ಡ್ರೈವರ್‌ದು, ಶೇ. 33 ಟೆಸ್ಲಾದ್ದು ಎಂದು ಹಂಚಿತು. ಇದು ನನಗೆ ಅರ್ಥವಾಗುವ ಭಾಷೆ. ನಮ್ಮ ಟ್ರಿಬ್ಯೂನಲ್‌ಗಳೂ ಲಾರಿಗೆ ಇಷ್ಟು, ಬೈಕಿಗೆ ಇಷ್ಟು ಎಂದು ಹೀಗೇ ಹಂಚುತ್ತವೆ. ಬ್ರಿಟನ್ ಇನ್ನೂ ಮುಂದೆ ಹೋಗಿ 2024ರಲ್ಲಿ ಕಾನೂನನ್ನೇ ಮಾಡಿದೆ. ಸ್ವಯಂಚಾಲಿತ ಎಂದು ಅನುಮತಿ ಪಡೆದ ಕಾರು ತಾನೇ ಓಡುವಾಗ ಅದು ಓಡಿದ ರೀತಿಗೆ ಅನುಮತಿ ಪಡೆದ ಸಂಸ್ಥೆ ಹೊಣೆ, ಒಳಗೆ ಕೂತವನಲ್ಲ.

ನಮ್ಮಲ್ಲಿ? ಅಪಘಾತವಾದರೆ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ಐಎಂವಿ ರಿಪೋರ್ಟ್ ಕೊಡುತ್ತಾರೆ. ಬ್ರೇಕ್ ಸರಿಯಿದೆ, ಸ್ಟೀರಿಂಗ್ ಸರಿಯಿದೆ, ಅಪಘಾತ ಯಾಂತ್ರಿಕ ದೋಷದಿಂದ ಆಗಿಲ್ಲ. ಹೆಚ್ಚಿನ ಫೈಲುಗಳಲ್ಲಿ ನಾನು ಓದುವುದು ಈ ಸಾಲನ್ನೇ. ಅಲ್ಲಿಗೆ ಗಾಡಿ ಪಾರು, ಉಳಿದದ್ದು ಡ್ರೈವರ್‌ನ ಅಜಾಗರೂಕತೆ. ಆದರೆ ಲೇನ್ ಹಿಡಿದು ಓಡುವ, ತಾನೇ ಬ್ರೇಕ್ ಹಾಕುವ ಕಾರುಗಳು ದಾವಣಗೆರೆಗೂ ಬಂದಿವೆ. ಟೆಂಪಿಯ ಆ ಕಾರಿಗೆ ನಮ್ಮ ರೀತಿಯ ಪರೀಕ್ಷೆ ಮಾಡಿದ್ದರೆ ಅದರ ಬ್ರೇಕೂ ಪಾಸಾಗುತ್ತಿತ್ತು ಅನಿಸುತ್ತದೆ. ಹಾಕಲಿಲ್ಲ, ಅಷ್ಟೇ.

ಊರಿಗೆ ಬಂದ ಮೇಲೆ ಜೂನಿಯರ್‌ಗಳಿಗೆ ಒಂದು ಕೆಲಸ ಹೇಳಿದ್ದೇನೆ. ಇಂಥ ಕಾರಿನ ಕೇಸು ಬಂದರೆ, ಮಾಲೀಕ ಗಾಡಿ ಬಿಡಿಸಿಕೊಂಡು ಗ್ಯಾರೇಜಿಗೆ ಒಯ್ಯುವ ಮೊದಲೇ ಅದರೊಳಗಿನ ಡೇಟಾ ಉಳಿಸಿಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕು. ಆ ಹೊತ್ತಿನಲ್ಲಿ ಯಾವ ಸಿಸ್ಟಂ ಆನ್ ಇತ್ತು, ಎಷ್ಟು ಸಲ ಎಚ್ಚರಿಸಿತು, ಯಾವಾಗ ಕೈಬಿಟ್ಟಿತು ಎಂಬುದೆಲ್ಲ ಬೇಕು. ಅರ್ಜಿಯ ಕರಡು ಸಿದ್ಧವಾಗಿದೆ.