ಕಾಕಾನ ಬೆರಳು, ನನ್ನ ಮೊಣಕಾಲು

ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ದುಡಿಯುತ್ತಿದ್ದ ನಮ್ಮ ಕಾಕಾನ ಬಲಗೈಯ ಎರಡು ಬೆರಳುಗಳು ಯಂತ್ರಕ್ಕೆ ಸಿಕ್ಕಿ ಹೋದಾಗ ನಾನು ಪಿ.ಯು.ಸಿ. ಓದುತ್ತಿದ್ದೆ. ಮಾಲೀಕರು ಆಸ್ಪತ್ರೆಯ ಬಿಲ್ಲನ್ನಷ್ಟೇ ಕಟ್ಟಿ ಸುಮ್ಮನಾಗಿದ್ದರು. ಗಂಜ್‌ನ ಹಮಾಲರ ಸಂಘದ ಹಿರಿಯರೊಬ್ಬರು ಕಾಗದಪತ್ರ ಹಿಡಿದು ಕಾರ್ಮಿಕ ಇಲಾಖೆಗೆ ಹಲವು ಸಲ ಅಲೆದ ಮೇಲೆ, 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪ್ರಕಾರ ಹಣ ಬಂತು. ಅದಾದ ಮೂರು ವರ್ಷಕ್ಕೆ ಅಂತರ ಕಾಲೇಜು ಕಬಡ್ಡಿ ಪಂದ್ಯದಲ್ಲಿ, ರೈಡ್ ಮುಗಿಸಿ ಗೆರೆಗೆ ಮರಳುವಾಗ ಎದುರಾಳಿ ಪಾದ ಹಿಡಿದೆಳೆದ ರಭಸಕ್ಕೆ ನನ್ನ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆಗೆ ಅಪ್ಪ ಸಾಲ ಮಾಡಿದರು. ಕಾಲೇಜಿನಿಂದ ನನಗೆ ಸಿಕ್ಕದ್ದು ಅಂದಿನ ಭತ್ಯೆ ಮತ್ತು ಹಾಜರಾತಿ.

ಅಮೆರಿಕದ ಕಾಲೇಜು ಆಟಗಾರರು ಸಂಘ ಕಟ್ಟಬೇಕೇ, ಅವರನ್ನು ನೌಕರರೆಂದು ಪರಿಗಣಿಸಬೇಕೇ ಎಂಬ ವಾದವನ್ನು ಓದುವಾಗಲೆಲ್ಲ ನನಗೆ ಈ ಎರಡು ಗಾಯಗಳು ನೆನಪಾಗುತ್ತವೆ. ಅದನ್ನು ಸಂಬಳದ ಜಗಳವೆಂದೇ ಹೆಚ್ಚಿನವರು ತಿಳಿದಿದ್ದಾರೆ, ಆದರೆ ಅದರ ಬೇರು ಇರುವುದು ಒಂದು ಸಾವಿನಲ್ಲಿ. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಅವರ ಹೆಂಡತಿ ಕಾರ್ಮಿಕರಿಗೆ ಸಿಗುವ ಪರಿಹಾರವನ್ನೇ ಕೇಳಿದರು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ ಎಂಬ ಕಾರಣ ಕೊಟ್ಟು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ಅದನ್ನು ನಿರಾಕರಿಸಿತು. ಅದೇ ನ್ಯಾಯಾಲಯ ನಾಲ್ಕು ವರ್ಷಗಳ ಹಿಂದೆ, 1953ರಲ್ಲಿ, ಡೆನ್ವರ್ ವಿಶ್ವವಿದ್ಯಾಲಯದ ಆಟಗಾರನೊಬ್ಬನಿಗೆ ಪರಿಹಾರ ಕೊಡಿಸಿತ್ತು. ಆತನಿಗೆ ಕ್ಯಾಂಪಸ್‌ನಲ್ಲಿ ಸಿಕ್ಕಿದ್ದ ಕೂಲಿಯ ಕೆಲಸ ಫುಟ್‌ಬಾಲ್ ಆಡುವುದರ ಮೇಲೆಯೇ ನಿಂತಿತ್ತು ಎಂಬುದು ಅಲ್ಲಿ ನಿರ್ಣಾಯಕವಾಯಿತು. ಇಂಥ ತೀರ್ಪುಗಳು ಹರಡಿಯಾವು ಎಂಬ ಭಯದಿಂದ ಅಲ್ಲಿನ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಜೋಡಿಪದವನ್ನು ಟಂಕಿಸಿ ಎಲ್ಲ ನಿಯಮಗಳಲ್ಲೂ ಸೇರಿಸಿತು. ಆ ಕಾಲದಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬೈಯರ್ಸ್ ಅವರೇ ದಶಕಗಳ ಬಳಿಕ ಇದನ್ನು ಒಪ್ಪಿಕೊಂಡರು. ಕೇಳಲು ಗೌರವದ ಪದ. ಹುಟ್ಟಿದ್ದು ಮಾತ್ರ ಪರಿಹಾರ ತಪ್ಪಿಸಲು.

2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಸಂಘಕ್ಕಾಗಿ ಅರ್ಜಿ ಹಾಕಿದಾಗ ಮುಂದಿಟ್ಟ ಬೇಡಿಕೆಗಳಲ್ಲಿ ಆಟದಿಂದಾದ ಗಾಯಗಳ ವೈದ್ಯಕೀಯ ಖರ್ಚು ಮುಖ್ಯವಾಗಿತ್ತು. ಪಂದ್ಯಗಳ ಋತುವಿನಲ್ಲಿ ವಾರಕ್ಕೆ 40ರಿಂದ 50 ಗಂಟೆ ಆಟಕ್ಕೇ ಹೋಗುತ್ತದೆ, ವೇಳಾಪಟ್ಟಿಯೂ ನಡವಳಿಕೆಯೂ ತರಬೇತುದಾರರ ಹಿಡಿತದಲ್ಲಿವೆ, ವಿದ್ಯಾರ್ಥಿವೇತನವೇ ಇಲ್ಲಿ ಕೂಲಿ ಎಂದು ಲೆಕ್ಕಹಾಕಿ, ಇಂಥ ಅರ್ಜಿಗಳನ್ನು ತೀರ್ಮಾನಿಸುವ ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ಪ್ರಾದೇಶಿಕ ನಿರ್ದೇಶಕರು ಅವರನ್ನು ನೌಕರರೆಂದು ಘೋಷಿಸಿದರು. ಹುಡುಗರು ಮತವನ್ನೂ ಹಾಕಿದರು. ಆದರೆ 2015ರಲ್ಲಿ ಮೇಲಿನ ಮಂಡಳಿ, ಅವರು ನೌಕರರೋ ಅಲ್ಲವೋ ಎಂಬುದನ್ನು ತೀರ್ಮಾನಿಸದೆಯೇ, ಈ ವಿಷಯಕ್ಕೆ ಕೈಹಾಕುವುದಿಲ್ಲ ಎಂದುಬಿಟ್ಟಿತು; ಆ ಮತಗಳನ್ನು ಎಣಿಸಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ 13–2 ಮತಗಳಿಂದ ಸಂಘ ಸೇರಲು ಒಪ್ಪಿತು. ಆ ಕಾಲೇಜಿನ ಇತರ ಕೆಲಸಗಾರರಿದ್ದ ಸಂಘವೇ ಅದು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಅದೂ ಮುಂದೆ ಸಾಗಲಿಲ್ಲ. ಅದೇ ವರ್ಷದ ಡಿಸೆಂಬರ್ 31ರಂದು ಅರ್ಜಿಯನ್ನು ಹಿಂದಕ್ಕೆ ಪಡೆಯಲಾಯಿತು.

ಹಣದ ಬಾಗಿಲು ಮಾತ್ರ ತೆರೆದಿದೆ. ತಮ್ಮ ಹೆಸರು, ಚಿತ್ರಗಳಿಂದ ಗಳಿಸಲು ಆಟಗಾರರಿಗೆ 2021ರಲ್ಲಿ ಅವಕಾಶ ಸಿಕ್ಕಿತು, ಮತ್ತು 2025ರ ಜೂನ್‌ನಲ್ಲಿ ಒಪ್ಪಿಗೆಯಾದ ಮೊಕದ್ದಮೆಯ ರಾಜಿಯಿಂದಾಗಿ ಅದಕ್ಕೆ ಸೇರಿದ ಪ್ರತಿ ವಿಶ್ವವಿದ್ಯಾಲಯವೂ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಾಗಿದೆ. ಇಷ್ಟು ಹಣ ಕೈಬದಲಾಯಿಸುವ ಜಾಗದಲ್ಲಿ ವ್ಯಾಪಾರ ನಡೆಯುತ್ತಿಲ್ಲ ಎಂಬ 1957ರ ಮಾತನ್ನು ಇಂದು ಯಾರೂ ಗಂಭೀರವಾಗಿ ಹೇಳಲಾರರು. ಆ ಫುಟ್‌ಬಾಲ್ ಆಟಗಾರರು ನೌಕರರೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಅದೇ ಮಾತನ್ನು ರಾಯಚೂರಿಗೆ, ಕೊಪ್ಪಳಕ್ಕೆ, ಬಳ್ಳಾರಿಗೆ ಹಾಗೆಯೇ ತಂದು ಹೇಳಿದರೆ ನಗೆಪಾಟಲಾಗುತ್ತದೆ. ನಮ್ಮ ಅಂತರ ಕಾಲೇಜು ಕಬಡ್ಡಿಗೆ ಟಿಕೆಟ್ ಇಲ್ಲ, ಪ್ರಸಾರವಿಲ್ಲ. ಪ್ರೇಕ್ಷಕರೆಂದರೆ ತರಗತಿ ತಪ್ಪಿಸಿದ ಗೆಳೆಯರು. ನಾವು ಕಾಲೇಜಿಗೆ ಗಳಿಸಿಕೊಡುವುದಿರಲಿ, ಪ್ರತಿ ವರ್ಷ ಕ್ರೀಡಾಶುಲ್ಕವನ್ನು ನಾವೇ ಕಟ್ಟುತ್ತೇವೆ. ಇನ್ನು ಕಾನೂನಿನ ಮಾತು: 1988ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಶಾಲೆಯ ಶಿಕ್ಷಕರೇ ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರಲ್ಲ ಎಂದಿತ್ತು. ಪಾಠ ಹೇಳುವವರಿಗೇ ಸಿಗದ ಪದವಿ ಅಂಗಳದಲ್ಲಿ ಬೀಳುವವನಿಗೆ ಸಿಕ್ಕೀತೇ?

ಹಾಗಿದ್ದರೂ ನೌಕರನಲ್ಲದವನ ಗಾಯಕ್ಕೆ ಯಾರೂ ಹೊಣೆಯಲ್ಲ ಎಂಬ ತೀರ್ಮಾನಕ್ಕೆ ನಮ್ಮ ಕಾನೂನು ಎಲ್ಲ ಕಡೆಯೂ ಬಂದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಐ.ಟಿ.ಐ. ಮುಗಿಸಿದ ಹುಡುಗರು ಅಪ್ರೆಂಟಿಸ್ ಆಗಿ ಹೋಗುವುದನ್ನು ನಮ್ಮ ಓಣಿಯಲ್ಲಿ ಎಲ್ಲರೂ ಕಂಡಿದ್ದೇವೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೆಯ ಕಲಂ ಅವರು ಕಾರ್ಮಿಕರಲ್ಲ, ಕಲಿಯುವವರು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಕಾಯ್ದೆಯ 16ನೆಯ ಕಲಂ, ತರಬೇತಿಯ ವೇಳೆ ಅಪಘಾತದಿಂದ ಗಾಯವಾದರೆ ಕಾರ್ಮಿಕನಿಗೆ ಕೊಡುವ ರೀತಿಯಲ್ಲೇ ಪರಿಹಾರ ಕೊಡಬೇಕೆನ್ನುತ್ತದೆ. ಕಲಿಯುವವನು ಎಂಬ ಬಿರುದನ್ನು ಅಮೆರಿಕದಲ್ಲಿ ಪರಿಹಾರ ತಪ್ಪಿಸಲು ಬಳಸಿದರೆ, ಇಲ್ಲಿ ಆ ಬಿರುದಿನ ಜೊತೆಗೇ ಪರಿಹಾರವನ್ನೂ ಬರೆದಿದ್ದಾರೆ. ಕಾಲೇಜಿನ ಹೆಸರಿರುವ ಜೆರ್ಸಿ ತೊಟ್ಟು ಆಡುವವನಿಗೆ ಈ ಎರಡು ಕಲಮುಗಳಷ್ಟು ಸಿಕ್ಕರೆ ಸಾಕು. ಸಂಬಳವನ್ನು ನಾನು ಕೇಳುತ್ತಿಲ್ಲ.

ಸಂಘವನ್ನು ಮಾತ್ರ ಕೇಳುತ್ತೇನೆ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ, ಅದಕ್ಕೆ ಮೊದಲು ನೌಕರರಾಗಬೇಕಿಲ್ಲ. ಕ್ರೀಡಾಶುಲ್ಕದಲ್ಲಿ ಒಂದು ಪಾಲನ್ನು ಆಟಗಾರರ ವಿಮೆಗೆ ಮೀಸಲಿಡಿ ಎಂದು ಹನ್ನೆರಡು ಹುಡುಗರು ಕೂಡಿ ಅರ್ಜಿ ಬರೆದರೆ ಅದನ್ನು ಓದಲೇಬೇಕಾಗುತ್ತದೆ. ಒಬ್ಬನೇ ಬರೆದರೆ ತಂಡದಿಂದ ಹೆಸರು ಹೋಗುತ್ತದೆ. ಪಿ.ಟಿ. ಸರ್‌ಗಳಲ್ಲಿ ಒಳ್ಳೆಯವರಿಗೆ ಕೊರತೆಯಿಲ್ಲ. ನನ್ನನ್ನು ಆಸ್ಪತ್ರೆಗೆ ಹೊತ್ತೊಯ್ದವರು ಅವರೇ, ಆಟೊ ಬಾಡಿಗೆಯನ್ನೂ ತಮ್ಮ ಜೇಬಿನಿಂದ ಕೊಟ್ಟರು. ಒಬ್ಬ ಮನುಷ್ಯನ ಒಳ್ಳೆಯತನ ಆಟೊ ಬಾಡಿಗೆಯವರೆಗೆ ಬರುತ್ತದೆ, ಲಿಗಮೆಂಟಿನ ಶಸ್ತ್ರಚಿಕಿತ್ಸೆಯವರೆಗೆ ಬರುವುದಿಲ್ಲ.

ಕಳೆದ ತಿಂಗಳು ಅಣ್ಣನ ಮಗ ತನ್ನ ಕಾಲೇಜಿನಿಂದ ಒಂದು ಮುಚ್ಚಳಿಕೆ ಪತ್ರ ತಂದಿದ್ದ. ಪಂದ್ಯದಲ್ಲಿ ಏನೇ ಆದರೂ ಸಂಸ್ಥೆ ಹೊಣೆಯಲ್ಲ ಎಂದು ಪಾಲಕರು ಸಹಿ ಮಾಡಬೇಕಿತ್ತು. ನನ್ನ ಕಾಲದಲ್ಲೂ ಅಪ್ಪ ಇಂಥದ್ದಕ್ಕೇ ಸಹಿ ಹಾಕಿದ್ದರು. ಅಣ್ಣ ಊರಲ್ಲಿರಲಿಲ್ಲವಾದ್ದರಿಂದ ನಾನು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ವಿಮೆಯ ವಿವರ ತಿಳಿಸಿ ಎಂದು ಬರೆದು ಸಹಿ ಮಾಡಿ ಕಳುಹಿಸಿದೆ. ಸಂಜೆ ಹುಡುಗ ಹೊಸದೊಂದು ಪ್ರತಿ ಹಿಡಿದು ವಾಪಸು ಬಂದ. ಅಣ್ಣ ರಾತ್ರಿ ಬಂದು ಅದಕ್ಕೆ ಸಹಿ ಹಾಕಿದರು. ಪಂದ್ಯ ಮರುದಿನ ಬೆಳಿಗ್ಗೆ ಎಂಟಕ್ಕೇ ಇತ್ತು.